ಅವರಿಬ್ಬರೂ ಮತ್ತೆ ಒಂದಾಗಬೇಕೇ? ನನ್ನ ಕಾದಂಬರಿಯ ಕೊನೆಯ ಅಧ್ಯಾಯದ ಬಗ್ಗೆ ಒಂದು ಪ್ರಶ್ನೆ

ಮೂರನೆಯ ಕರಡು:
ಎರಡು ವರ್ಷಗಳಿಂದ ಬರೆಯುತ್ತಿರುವ ಕಾದಂಬರಿಯ ಮೂರನೆಯ ಕರಡು ಕಳೆದ ತಿಂಗಳು ಮುಗಿಯಿತು. ಮುಗಿಯಿತು ಎಂದರೆ, ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಮುಗಿಯಿತು. ಆ ಒಂದು ಅಧ್ಯಾಯವನ್ನು ನಾಲ್ಕು ಬಗೆಯಲ್ಲಿ ಬರೆದೆ, ನಾಲ್ಕನ್ನೂ ಅಳಿಸಿದೆ. ಇಲ್ಲಿ ಓದುವವರೂ ಬರೆಯುವವರೂ ಇರುವುದರಿಂದ ಸಮಸ್ಯೆಯನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಥೆ ಇಷ್ಟು. ದೊಡ್ಡ ನಗರ, ಎರಡು ಕೋಣೆಯ ಬಾಡಿಗೆ ಮನೆ, ಪ್ರೀತಿಸಿ ಮದುವೆಯಾಗಿ ಎರಡು ವರ್ಷ ತುಂಬಿದ, ಇಬ್ಬರೂ ದುಡಿಯುವ ಜೋಡಿ. ಆತನ ಕೆಲಸ ಹೋಗುತ್ತದೆ. ಅದನ್ನು ಆತ ಹೇಳುವುದಿಲ್ಲ. ನಾಲ್ಕು ತಿಂಗಳ ಕಾಲ ದಿನವೂ ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟು, ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು, ಸಂಜೆ ಆಫೀಸು ಬಿಡುವ ಹೊತ್ತಿಗೆ ಮನೆಗೆ ಬರುತ್ತಾನೆ. ತನ್ನ ಪಾಲಿನ ಬಾಡಿಗೆಯನ್ನು ಮೊಬೈಲ್ ಆ್ಯಪ್ ಒಂದರಿಂದ ಪಡೆದ ಸಾಲದಲ್ಲಿ ತುಂಬುತ್ತಾನೆ. ಆರನೆಯ ಅಧ್ಯಾಯದಲ್ಲಿ, ಆತ ಸ್ನಾನಕ್ಕೆ ಹೋಗಿರುವಾಗ, ಕಂತು ಬಾಕಿಯಿದೆ ಎಂಬ ಸಂದೇಶ ಆತನ ಫೋನಿನಲ್ಲಿ ಮೂಡಿ ಆಕೆಗೆ ವಿಷಯ ತಿಳಿಯುತ್ತದೆ. ಮುಂದಿನ ಹನ್ನೆರಡು ಅಧ್ಯಾಯಗಳಲ್ಲಿ ಇಬ್ಬರೂ ಅದೇ ಮನೆಯಲ್ಲಿ, ಬೇರೆ ಬೇರೆ ಕೋಣೆಗಳಲ್ಲಿ ಬದುಕುತ್ತಾರೆ. ಬಾಡಿಗೆ ಕರಾರು ಮುಗಿಯಲು ಇನ್ನೂ ಐದು ತಿಂಗಳಿದೆ, ಆಕೆಯೊಬ್ಬಳ ಸಂಬಳದಲ್ಲಿ ಎರಡನೆಯ ಮನೆ ಹಿಡಿಯುವುದು ಸಾಧ್ಯವಿಲ್ಲ.

ಹಸ್ತಪ್ರತಿಯನ್ನು ಮೂವರಿಗೆ ಓದಲು ಕೊಟ್ಟಿದ್ದೆ. ಒಬ್ಬರು ಆಕೆ ಹೊರಟುಹೋಗಬೇಕಿತ್ತು ಎಂದರು. ಇನ್ನೊಬ್ಬರು ಇದು ಪ್ರೇಮಕಾದಂಬರಿ, ಒಂದಾಗದಿದ್ದರೆ ಓದುಗರಿಗೆ ಮೋಸ ಎಂದರು. ಮೂರನೆಯವರು ಮಾತ್ರ, "ಒಂದಾದರು, ಆದರೆ ನಾನು ನಂಬಲಿಲ್ಲ" ಎಂದರು. ನನ್ನನ್ನು ಕಾಡುತ್ತಿರುವುದು ಆ ಮೂರನೆಯ ಮಾತು. ಅವರನ್ನು ಒಂದುಗೂಡಿಸಬೇಕೆಂಬ ಆಸೆ ನನಗಿದೆ. ಓದುಗರು ಅದನ್ನು ನಂಬುವಂತೆ ಬರೆಯುವುದು ಹೇಗೆ?

ನೇರ ಮಾತು:
ಆಕೆ ಬಿಟ್ಟುಹೋಗಬೇಕು. ನಾಲ್ಕು ತಿಂಗಳೆಂದರೆ ಕೆಲಸದ ದಿನಗಳೇ ಎಂಬತ್ತಕ್ಕೂ ಹೆಚ್ಚು. ಅಷ್ಟು ಬೆಳಿಗ್ಗೆಗಳಲ್ಲಿ ಆತ ಹೊಸದಾಗಿ ಸುಳ್ಳು ಹೇಳಲು ತೀರ್ಮಾನಿಸಿದ್ದಾನೆ.

ಮಧ್ಯರಾತ್ರಿಯ ಓದು:
ಪ್ರೇಮಕಾದಂಬರಿ ಎಂಬ ಪ್ರಕಾರ ಓದುಗರೊಂದಿಗೆ ಮಾಡಿಕೊಂಡ ಒಪ್ಪಂದವನ್ನು ಅಷ್ಟು ಸುಲಭವಾಗಿ ಮುರಿಯಬೇಡಿ. ಅಮೆರಿಕದ ಪ್ರೇಮಕಾದಂಬರಿಕಾರರ ಸಂಘ ಈ ಪ್ರಕಾರಕ್ಕೆ ಎರಡೇ ಲಕ್ಷಣಗಳನ್ನು ಹೇಳಿತ್ತು: ಪ್ರೇಮವೇ ಕಥೆಯ ಕೇಂದ್ರದಲ್ಲಿರಬೇಕು, ಮತ್ತು ಕೊನೆ ಮನಸ್ಸಿಗೆ ತೃಪ್ತಿ ಕೊಡುವಂತೆ, ಭರವಸೆ ಉಳಿಸುವಂತೆ ಇರಬೇಕು. ಗಮನಿಸಿ, "ಸುಖವಾಗಿ ಬಾಳಿದರು" ಎಂದು ಅದು ಹೇಳುವುದಿಲ್ಲ. ಭರವಸೆಗೆ ಜಾಗವಿದ್ದರೆ ಸಾಕು. ಪುಸ್ತಕದ ಹೊದಿಕೆಯ ಮೇಲೆ ಪ್ರೇಮಕಾದಂಬರಿ ಎಂದು ಅಚ್ಚು ಹಾಕಿಸಿ, ಕೊನೆಯ ಪುಟದಲ್ಲಿ ಆಕೆಯನ್ನು ಪೆಟ್ಟಿಗೆ ಸಮೇತ ಲಿಫ್ಟಿನೊಳಗೆ ನಿಲ್ಲಿಸಿಬಿಟ್ಟರೆ, ಮುನ್ನೂರು ಪುಟ ಕಾದು ಕುಳಿತವರ ನಂಬಿಕೆಗೆ ಏನು ಬೆಲೆ?

ಹಳೆಯ ಪುಟ:
ಕೊನೆಯನ್ನು ಓದುಗರ ಆಸೆಗೆ ತಕ್ಕಂತೆ ತಿದ್ದಿದರೆ ಏನಾಗುತ್ತದೆ ಎಂಬುದಕ್ಕೆ ಪ್ರಸಿದ್ಧವಾದ ಒಂದು ಉದಾಹರಣೆ ಇದೆ. ನಾರ್ವೆಯ ನಾಟಕಕಾರ ಇಬ್ಸೆನ್ ಬರೆದ "ಗೊಂಬೆಮನೆ" ನಾಟಕ 1879ರ ಡಿಸೆಂಬರ್ ತಿಂಗಳಲ್ಲಿ ಕೋಪನ್‌ಹೇಗನ್‌ನಲ್ಲಿ ಮೊದಲ ಪ್ರದರ್ಶನ ಕಂಡಿತು; ನಾಯಕಿ ನೋರಾ ಗಂಡನನ್ನೂ ಮಕ್ಕಳನ್ನೂ ಬಿಟ್ಟು ಬಾಗಿಲೆಳೆದುಕೊಂಡು ಹೊರಡುವುದರಲ್ಲಿ ಅದು ಕೊನೆಯಾಗುತ್ತದೆ. ಜರ್ಮನಿಯ ಪ್ರಮುಖ ನಟಿಯೊಬ್ಬರು ತಾವು ಮಕ್ಕಳನ್ನು ಬಿಟ್ಟುಹೋಗುವ ತಾಯಿಯಾಗಿ ಅಭಿನಯಿಸುವುದಿಲ್ಲ ಎಂದು ಹಟ ಹಿಡಿದರು. ಬೇರೆ ಯಾರೋ ತಿದ್ದುವುದಕ್ಕಿಂತ ತಾನೇ ತಿದ್ದುವುದು ಮೇಲೆಂದು ಇಬ್ಸೆನ್ ಇನ್ನೊಂದು ಕೊನೆಯನ್ನು ಬರೆದುಕೊಟ್ಟ. ಅದರಲ್ಲಿ ನೋರಾ ಮಲಗಿದ ಮಕ್ಕಳನ್ನು ಕಂಡು ಕುಸಿದು ಉಳಿದುಬಿಡುತ್ತಾಳೆ. ತಾನೇ ಬರೆದ ಆ ಕೊನೆಯನ್ನು ಆತ ನಾಟಕದ ಮೇಲೆ ನಡೆದ ಅನಾಗರಿಕ ಹಲ್ಲೆ ಎಂದೇ ಕರೆದ. ಇಂದು ನಾವು ನೆನಪಿಟ್ಟಿರುವುದು ಯಾವ ಕೊನೆಯನ್ನು ಎಂಬುದನ್ನು ಬೇರೆ ಹೇಳಬೇಕಿಲ್ಲ.

ನೇರ ಮಾತು:
ನಾನು ಹೇಳಿದ್ದೂ ಇದನ್ನೇ.

ಇಬ್ಬನಿ:
ಕ್ಷಮಿಸಿ, ಆ ನಾಟಕವನ್ನು ಇಲ್ಲಿಗೆ ತಂದರೆ ಅದು ನಿಮ್ಮ ವಾದಕ್ಕೇ ತಿರುಗಿಬೀಳುತ್ತದೆ. ಸಾಲವನ್ನು ಮುಚ್ಚಿಟ್ಟವರು ಯಾರು? ನೋರಾ! ಅಪ್ಪನ ಸಹಿಯನ್ನು ತಾನೇ ಹಾಕಿ ಸಾಲ ತಂದು, ವರ್ಷಗಟ್ಟಲೆ ಗಂಡನಿಗೆ ತಿಳಿಯದಂತೆ ತೀರಿಸುತ್ತಾ ಬಂದವಳು ಆಕೆ. ಆದರೂ ನಾವು ಆಕೆಯ ಪರ ನಿಲ್ಲುತ್ತೇವೆ. ಗಂಡನ ಪ್ರಾಣ ಉಳಿಸಲು ಸಾಲ ಮಾಡಿದಳು ಎಂಬುದನ್ನೂ, ಅದನ್ನು ಹೊತ್ತು ಆಕೆ ಎಷ್ಟು ಹೆದರಿದ್ದಾಳೆ ಎಂಬುದನ್ನೂ ಮೊದಲ ಅಂಕದಿಂದಲೇ ಆಕೆಯ ಪಕ್ಕದಲ್ಲಿ ಕುಳಿತು ನೋಡಿರುತ್ತೇವೆ. ಮೂರನೆಯ ಕರಡು ಅವರೇ, ನಿಮ್ಮ ಕಾದಂಬರಿಯಲ್ಲಿ ಆತನ ಪಕ್ಕದಲ್ಲಿ ನಾವು ಯಾವಾಗಲಾದರೂ ಕುಳಿತಿದ್ದೇವೆಯೇ?

ಮೂರನೆಯ ಕರಡು:
ಇಲ್ಲ. ಇಡೀ ಕಾದಂಬರಿ ಆಕೆಯ ದೃಷ್ಟಿಯಲ್ಲೇ ಸಾಗುತ್ತದೆ. ಆತನ ಕೆಲಸ ಹೋದದ್ದು ಓದುಗರಿಗೂ ಆರನೆಯ ಅಧ್ಯಾಯದಲ್ಲೇ, ಆಕೆಯ ಜೊತೆಗೇ ತಿಳಿಯಬೇಕೆಂದು ಹಾಗೆ ಮಾಡಿದೆ. ಮೊದಲೇ ಹೇಳಿಬಿಟ್ಟರೆ ಆ ದೃಶ್ಯದ ಪೆಟ್ಟು ಕಡಿಮೆಯಾಗುತ್ತದೆ ಎಂಬ ಭಯ ನನ್ನದು.

ಅರ್ಧವಿರಾಮ:
ನಾನು ಕೆಲವು ವರ್ಷ ಹಸ್ತಪ್ರತಿಗಳನ್ನು ತಿದ್ದುವ ಕೆಲಸ ಮಾಡಿದ್ದೇನೆ, ಆ ಅನುಭವದಿಂದ ಹೇಳುತ್ತಿದ್ದೇನೆ. ನಿಮ್ಮ ತೊಂದರೆ ಇರುವುದು ಕೊನೆಯ ಅಧ್ಯಾಯದಲ್ಲಿ ಅಲ್ಲ, ಎರಡನೆಯ ಅಧ್ಯಾಯದಲ್ಲಿ.

ಆರನೆಯ ಅಧ್ಯಾಯದ ಪೆಟ್ಟಿಗಾಗಿ ನೀವು ಐದು ಅಧ್ಯಾಯಗಳನ್ನು ಬಲಿ ಕೊಟ್ಟಿದ್ದೀರಿ. ಆ ಪೆಟ್ಟು ಒಂದು ಪುಟದ ಮಟ್ಟಿಗೆ ಓದುಗರನ್ನು ಬೆಚ್ಚಿಬೀಳಿಸುತ್ತದೆ, ಆಮೇಲೆ ತೀರಿತು. ಅದರ ಬದಲು ಆತ ಗ್ರಂಥಾಲಯದಲ್ಲಿ ಕುಳಿತಿರುವುದು ಎರಡನೆಯ ಅಧ್ಯಾಯದಲ್ಲೇ ಓದುಗರಿಗೆ ತಿಳಿದುಬಿಡಲಿ. ಆಗ ಸಂಜೆ ಆಕೆ ಬಾಗಿಲು ತೆರೆದು "ಇವತ್ತು ಹೇಗಿತ್ತು?" ಎಂದು ಕೇಳುವ ಸಾಮಾನ್ಯ ಪ್ರಶ್ನೆಯೇ ಒಂದು ದೃಶ್ಯವಾಗುತ್ತದೆ. ಆಕೆ ಒಂದು ಸಂಜೆ ಪ್ರೀತಿಯಿಂದ ಕೇಳುತ್ತಾಳೆ, ಇನ್ನೊಂದು ಸಂಜೆ ದಣಿದು ಕೇಳುತ್ತಾಳೆ, ಮತ್ತೊಂದು ಸಂಜೆ ಕೇಳಲು ಮರೆಯುತ್ತಾಳೆ. ಆಕೆ ಕೇಳಲು ಮರೆತ ಸಂಜೆ ಆತನಿಗೆ ಸಮಾಧಾನವಾಗುತ್ತದೆ, ಆ ಸಮಾಧಾನಕ್ಕಾಗಿ ನಾಚಿಕೆಯೂ ಆಗುತ್ತದೆ. ಇದನ್ನೆಲ್ಲ ಕಂಡ ಓದುಗರು ಆರನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ಇಬ್ಬರಿಗಾಗಿಯೂ ಉಸಿರು ಬಿಗಿಹಿಡಿದಿರುತ್ತಾರೆ. ಹಾಗೆ ಆಗದೆ ಹೋದರೆ, ಓದುಗರ ಪಾಲಿಗೆ ಆತ ಸುಳ್ಳುಗಾರನಾಗಿಯೇ ಹುಟ್ಟುತ್ತಾನೆ, ಅಂಥವನೊಂದಿಗೆ ಆಕೆ ಮತ್ತೆ ಸೇರುವುದನ್ನು ಯಾರೂ ಬಯಸುವುದಿಲ್ಲ. ನಿಮ್ಮ ಮೂರನೆಯ ಓದುಗರು ನಂಬದೆ ಹೋದದ್ದಕ್ಕೆ ಇದೇ ಕಾರಣವಿರಬೇಕು ಎಂಬುದು ನನ್ನ ಊಹೆ.

ಓದುಗ 27:
ಐದು ನಿಮಿಷ ಎದುರುಬದುರು ಕುಳಿತು ಮಾತನಾಡಿದ್ದರೆ ಮುಗಿದುಹೋಗುತ್ತಿದ್ದ ಕಥೆಗಳನ್ನು ಮುನ್ನೂರು ಪುಟ ಎಳೆಯುವುದು ಈ ಪ್ರಕಾರದ ದೊಡ್ಡ ರೋಗ. ಬಾಗಿಲ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಳ್ಳುವುದು, ತಪ್ಪಾದ ಸಂದೇಶ ತಪ್ಪಾದವರಿಗೆ ಹೋಗುವುದು, ಹಳೆಯ ಗೆಳತಿಯೊಬ್ಬಳು ಹಠಾತ್ತನೆ ಪ್ರತ್ಯಕ್ಷಳಾಗುವುದು, ಇವುಗಳನ್ನು ಓದಿ ಓದಿ ಸಾಕಾಗಿದೆ. ನಿಮ್ಮ ಕಥೆಯಲ್ಲಿ ತಪ್ಪು ತಿಳಿವಳಿಕೆ ಇಲ್ಲ, ನಿಜವಾದ ತಪ್ಪೇ ಇದೆ. ಅದಕ್ಕಾಗಿ ಮೊದಲು ಅಭಿನಂದನೆ. ಆದರೂ ಆತ ಮೊದಲ ದಿನವೇ ಯಾಕೆ ಹೇಳಲಿಲ್ಲ ಎಂಬುದಕ್ಕೆ ಗಟ್ಟಿಯಾದ ಕಾರಣ ಬೇಕು.

ಕಿಟಕಿ ಪಕ್ಕ:
ಆ ಪ್ರಶ್ನೆಗೆ ನಾನು ಉತ್ತರಿಸಬಲ್ಲೆ, ಏಕೆಂದರೆ ನಾನು ಆ ಗಂಡನಾಗಿದ್ದೆ. ನಾಲ್ಕು ತಿಂಗಳಲ್ಲ, ಏಳು ವಾರ.

ಕೆಲಸ ಹೋದ ದಿನ ಹೇಳಬೇಕೆಂದೇ ಮನೆಗೆ ಬಂದೆ. ಆ ದಿನವೇ ಆಕೆಗೆ ಬಡ್ತಿ ಸಿಕ್ಕಿತ್ತು. ಬಾಗಿಲು ತೆರೆಯುವ ಮೊದಲೇ ಆಕೆಯ ನಗು ಕೇಳಿಸಿತು. ಇವತ್ತೊಂದು ದಿನ ಹಾಳು ಮಾಡುವುದು ಬೇಡ, ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ ಹೇಳಬೇಕಾದಾಗ ಕೆಲಸ ಹೋದದ್ದರ ಜೊತೆಗೆ ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಾಯಿತು. ಮೂರನೆಯ ದಿನಕ್ಕೆ ಅದು ಇನ್ನಷ್ಟು ಭಾರವಾಯಿತು. ಹಾಗಾಗಿ ಗಟ್ಟಿಯಾದ ಕಾರಣವನ್ನು ಹುಡುಕಬೇಡಿ, ನನಗೆ ಅಂಥದ್ದೇನೂ ಇರಲಿಲ್ಲ. ಇದ್ದದ್ದು ಒಂದು ಸಂಜೆಯ ಸಣ್ಣ ಕಾರಣ, ಆಮೇಲೆ ಅದರ ಬಡ್ಡಿ.

ವಿಷಯ ತಿಳಿದಾಗ ಆಕೆ ಹಣದ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. "ಈ ಏಳು ವಾರದಲ್ಲಿ ನಾವು ನಕ್ಕಿದ್ದೆಲ್ಲ ನಿಜವಾ?" ಎಂದು ಕೇಳಿದಳು. ನಿಜವೇ ಆಗಿತ್ತು, ಆದರೆ ಅದನ್ನು ಆಕೆ ನಂಬುವಂತೆ ಹೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೆ. ಆದರೂ ಆಕೆ ಬಿಟ್ಟುಹೋಗಲಿಲ್ಲ.

ನೇರ ಮಾತು:
ಕಿಟಕಿ ಪಕ್ಕ ಅವರೇ, ಇದನ್ನು ಇಲ್ಲಿ ಬರೆದದ್ದಕ್ಕೆ ಧನ್ಯವಾದ. ನೋಯಿಸುವ ಉದ್ದೇಶವಿಲ್ಲದೆ ಕೇಳುತ್ತೇನೆ: ಅವರು ಯಾಕೆ ಉಳಿದರು? ಕ್ಷಮೆ ಕೇಳಿದ್ದಕ್ಕೇ?

ಕಿಟಕಿ ಪಕ್ಕ:
ಕ್ಷಮೆ ಕೇಳಿದ ರಾತ್ರಿ ಏನೂ ಬದಲಾಗಲಿಲ್ಲ, ಆಕೆ ಬಾಗಿಲು ಹಾಕಿಕೊಂಡು ಮಲಗಿದಳು. ಆಮೇಲೆ ಸುಮಾರು ಒಂದು ವರ್ಷ ಆಕೆ ಪ್ರತಿಯೊಂದನ್ನೂ ಎರಡೆರಡು ಬಾರಿ ಕೇಳುತ್ತಿದ್ದಳು: ಎಲ್ಲಿದ್ದೀಯ, ಯಾರ ಜೊತೆ ಇದ್ದೀಯ, ಸಂಬಳ ಬಂತಾ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. "ಇನ್ನೂ ಎಷ್ಟು ದಿನ ಇದನ್ನೇ ಕೇಳ್ತೀಯ?" ಎಂದು ಒಮ್ಮೆ ಕೂಗಿಯೂ ಇದ್ದೆ. ಆ ಮಾತನ್ನು ಮತ್ತೆ ಆಡದೆ, ಎರಡನೆಯ ಬಾರಿಯೂ ಮೊದಲನೆಯ ಬಾರಿಯಷ್ಟೇ ತಾಳ್ಮೆಯಿಂದ ಉತ್ತರಿಸಲು ಕಲಿತದ್ದಷ್ಟೇ ನಾನು ಮಾಡಿದ ಕೆಲಸ. ಒಂದು ದಿನ ಆಕೆ ಒಂದೇ ಬಾರಿ ಕೇಳಿ ಸುಮ್ಮನಾದಳು. ಅದನ್ನು ನಾನು ಗಮನಿಸಿದೆನೆಂದು ಆಕೆಗೆ ಇವತ್ತಿಗೂ ಹೇಳಿಲ್ಲ.

ಮಧ್ಯರಾತ್ರಿಯ ಓದು:
ಮೂರನೆಯ ಕರಡು ಅವರೇ, ನಿಮ್ಮ ಕೊನೆಯ ಅಧ್ಯಾಯ ಇಲ್ಲಿಯೇ ಇದೆಯಲ್ಲವೇ? ಕೇಳುವವಳು ಒಂದೇ ಬಾರಿ ಕೇಳಿ ಸುಮ್ಮನಾಗುವುದು.

ಅರ್ಧವಿರಾಮ:
ಅದು ಕಿಟಕಿ ಪಕ್ಕ ಅವರ ಬದುಕು, ಅವರು ಒಪ್ಪದೆ ಅದನ್ನು ಎತ್ತಿಕೊಳ್ಳುವುದು ಸರಿಯಲ್ಲ. ಅದರ ಹಿಂದಿನ ತತ್ತ್ವವನ್ನು ಮಾತ್ರ ಎತ್ತಿಕೊಳ್ಳಬಹುದು: ಬದಲಾವಣೆ ಭಾಷಣದಲ್ಲಿ ಬರುವುದಿಲ್ಲ, ಪದೇಪದೇ ಬರುವ ಒಂದು ಸಣ್ಣ ಕ್ರಿಯೆಯಲ್ಲಿ ಬರುತ್ತದೆ, ಹಾಗಾಗಿ ಆ ಕ್ರಿಯೆಯನ್ನು ಕಾದಂಬರಿಯ ಮೊದಲ ಭಾಗದಲ್ಲೇ ನೆಟ್ಟಿರಬೇಕು.

ಸಮಾಲೋಚಕಿ:
ನಾನು ದಂಪತಿಗಳ ಆಪ್ತಸಮಾಲೋಚನೆ ಮಾಡುತ್ತೇನೆ. ಕಾದಂಬರಿಗೆ ಉಪಯೋಗವಾಗಬಹುದಾದ ಎರಡು ವಿಷಯಗಳನ್ನು ಹೇಳುತ್ತೇನೆ.

ಒಬ್ಬರು ಬೆನ್ನಟ್ಟಿ ಕೇಳುವುದು, ಇನ್ನೊಬ್ಬರು ಹಿಂದೆ ಸರಿದು ಮೌನವಾಗುವುದು ದಾಂಪತ್ಯದ ಬಗ್ಗೆ ತುಂಬ ಅಧ್ಯಯನವಾಗಿರುವ ಒಂದು ವಿನ್ಯಾಸ. ಹೆಂಡತಿ ಬೆನ್ನಟ್ಟುತ್ತಾಳೆ, ಗಂಡ ಸರಿಯುತ್ತಾನೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಮನಶ್ಶಾಸ್ತ್ರಜ್ಞರಾದ ಕ್ರಿಸ್ಟೆನ್ಸನ್ ಮತ್ತು ಹೀವಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇನ್ನೂ ಸೂಕ್ಷ್ಮವಾಗಿದೆ. ಹೆಂಡತಿ ಬದಲಾವಣೆ ಬಯಸಿದ ವಿಷಯವನ್ನು ಚರ್ಚಿಸುವಾಗ ಈ ಭೇದ ಎದ್ದು ಕಾಣುತ್ತಿತ್ತು, ಗಂಡ ಬದಲಾವಣೆ ಬಯಸಿದ ವಿಷಯಕ್ಕೆ ಬಂದಾಗ ಅದು ಹಾಗೆ ಕಾಣಲಿಲ್ಲ. ಅಂದರೆ ಯಾರಿಗೆ ಏನು ಬೇಕಾಗಿದೆ ಎಂಬುದೂ ಪಾತ್ರಗಳನ್ನು ಹಂಚುತ್ತದೆ. ನಿಮ್ಮ ಹನ್ನೆರಡು ಅಧ್ಯಾಯಗಳಲ್ಲಿ ಒಮ್ಮೆಯಾದರೂ ಆತ ಕೇಳುವವನೂ ಆಕೆ ಸರಿಯುವವಳೂ ಆಗುವಂಥ ವಿಷಯವೊಂದು ಬರಲಿ.

ಎರಡನೆಯದು ದಾಂಪತ್ಯದ ಬಗ್ಗೆ ಸಂಶೋಧನೆ ಮಾಡಿದ ಮನಶ್ಶಾಸ್ತ್ರಜ್ಞ ಗಾಟ್‌ಮನ್ ಹೇಳಿದ ನಾಲ್ಕು ಅಪಾಯಗಳು: ವ್ಯಕ್ತಿತ್ವವನ್ನೇ ದೂರುವುದು, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು, ಗೋಡೆಯಾಗಿ ಕೂರುವುದು. ಇವುಗಳಲ್ಲಿ ತಿರಸ್ಕಾರವೇ ಹೆಚ್ಚು ಕೇಡಿನದು ಎನ್ನುತ್ತಾರೆ ಅವರು. ವಿಚ್ಛೇದನವನ್ನು ಮುಂಚಿತವಾಗಿ ಊಹಿಸಬಲ್ಲೆವು ಎಂಬ ಅವರ ಲೆಕ್ಕಾಚಾರಗಳ ಬಗ್ಗೆ ಇತರ ಸಂಶೋಧಕರ ತಕರಾರುಗಳಿವೆ, ಆ ಶೇಕಡಾವಾರುಗಳನ್ನು ನಾನು ಇಲ್ಲಿ ಹೇಳುವುದಿಲ್ಲ. ಆದರೆ ಜೋಡಿಗಳ ನಡುವಿನ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69 ಶೇಕಡಾ ಎಂದಿಗೂ ಬಗೆಹರಿಯದೆ ಉಳಿಯುವಂಥವು ಎಂಬ ಅವರ ಮಾತು ನನ್ನ ಅನುಭವಕ್ಕೆ ಹತ್ತಿರವಾಗಿದೆ. ಹಾಗಾಗಿ ಕೊನೆಯ ಅಧ್ಯಾಯದಲ್ಲಿ ಎಲ್ಲವನ್ನೂ ಬಗೆಹರಿಸಲು ಹೋಗಬೇಡಿ. ಕಷ್ಟ ಬಂದಾಗ ಆತ ಒಳಗೆ ಸರಿಯುವ ಸ್ವಭಾವದವನು, ಕೊನೆಯ ಪುಟದಲ್ಲೂ ಹಾಗೆಯೇ ಇರುತ್ತಾನೆ. ಸರಿದವನು ಎಷ್ಟು ಬೇಗ ಹಿಂದಿರುಗುತ್ತಾನೆ ಎಂಬುದಷ್ಟೇ ಬದಲಾಗಬಹುದು.

ಹಳೆಯ ಪುಟ:
ಒಟ್ಟಿಗೆ ಉಳಿಯುವುದೇ ಸುಖಾಂತವೆಂದು ತಿಳಿಯಬೇಡಿ ಎಂದೂ ಸೇರಿಸಬೇಕು. ಇಂಗ್ಲಿಷ್ ಕಾದಂಬರಿಕಾರ್ತಿ ಜಾರ್ಜ್ ಎಲಿಯಟ್ 1871ರಿಂದ 1872ರವರೆಗೆ ಕಂತುಗಳಲ್ಲಿ ಪ್ರಕಟಿಸಿದ "ಮಿಡ್ಲ್‌ಮಾರ್ಚ್" ಕಾದಂಬರಿಯಲ್ಲಿ ಲಿಡ್‌ಗೇಟ್ ಎಂಬ ಯುವ ವೈದ್ಯ ಮತ್ತು ರೋಸಮಂಡ್ ಅವರ ಹೊಸ ಸಂಸಾರ ಸಾಲದಲ್ಲಿ ಮುಳುಗುತ್ತದೆ. ಆತ ಸಾಲದ ವಿಷಯವನ್ನು ಹೇಳುವುದಕ್ಕೆ ತಡಮಾಡುತ್ತಾನೆ. ಹೇಳಿದ ಮೇಲೆ ಮನೆಯನ್ನು ಬಿಟ್ಟುಕೊಡಲು ಏರ್ಪಾಡು ಮಾಡಿದರೆ, ಆಕೆ ಆತನಿಗೆ ತಿಳಿಸದೆ ಹೋಗಿ ಅದನ್ನು ರದ್ದು ಮಾಡಿಸುತ್ತಾಳೆ, ಗುಟ್ಟಾಗಿ ಆತನ ಸಂಬಂಧಿಕರಿಗೆ ಪತ್ರವನ್ನೂ ಬರೆಯುತ್ತಾಳೆ. ಅವರು ಬೇರೆಯಾಗುವುದಿಲ್ಲ. ಆತ ಐವತ್ತನೆಯ ವಯಸ್ಸಿಗೆ, ಸೋತೆನೆಂಬ ಭಾವದಲ್ಲೇ ಸಾಯುತ್ತಾನೆ. ಬಾಗಿಲು ಬಡಿದ ಸದ್ದಿಗಿಂತ ಹೆಚ್ಚು ಹೆದರಿಸುವ ಕೊನೆ ಅದು.

ಇಬ್ಬನಿ:
ಈ ಉದಾಹರಣೆ ಇಷ್ಟವಾಯಿತು, ಏಕೆಂದರೆ ಇದರಲ್ಲಿ ಇಬ್ಬರೂ ಗುಟ್ಟು ಮಾಡುತ್ತಾರೆ. ಮೂರನೆಯ ಕರಡು ಅವರೇ, ನಿಮ್ಮ ನಾಯಕಿಯ ತಪ್ಪೇನು? ಪ್ರಶ್ನೆ ಓದಿದಷ್ಟರ ಮಟ್ಟಿಗೆ ಆಕೆ ಕೇವಲ ನೋವುಂಡವಳು. ತಪ್ಪೇ ಇಲ್ಲದ ಪಾತ್ರ ಕ್ಷಮಿಸಿದರೆ ಅದು ದಾನದಂತೆ ಕಾಣುತ್ತದೆ, ಪ್ರೇಮದಂತೆ ಕಾಣುವುದಿಲ್ಲ.

ನೇರ ಮಾತು:
ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಆತನ ಸುಳ್ಳನ್ನು ಹಗುರ ಮಾಡಲು ಆಕೆಯ ಕಡೆಯಿಂದ ಒಂದು ತಪ್ಪನ್ನು ತಂದು ತಕ್ಕಡಿಗೆ ಹಾಕುವುದು ಎಷ್ಟೋ ಕಾದಂಬರಿಗಳು ಮಾಡಿರುವ ಅನ್ಯಾಯ. ಆಕೆ ಕೆಲಸದಲ್ಲಿ ಮುಳುಗಿದ್ದಳು, ಅದಕ್ಕೇ ಆತ ಹೇಳಲಿಲ್ಲ. ಆಕೆ ಸಿಡುಕಿಯಾಗಿದ್ದಳು, ಅದಕ್ಕೇ ಆತ ಹೆದರಿದ. ಹೀಗೆ ಬರೆದ ಕೂಡಲೇ ಸುಳ್ಳಿನ ಹೊಣೆ ಆಕೆಯ ಹೆಗಲಿಗೆ ಜಾರುತ್ತದೆ. ಓದುವ ಹೆಣ್ಣುಮಕ್ಕಳು ಇದನ್ನು ತಮ್ಮ ಬದುಕಿನಲ್ಲೂ ಕೇಳಿಸಿಕೊಂಡಿರುತ್ತಾರೆ.

ಇಬ್ಬನಿ:
ಹಾಗಾದರೆ ಆಕೆ ಗೊಂಬೆಯಾಗಿಯೇ ಉಳಿಯಬೇಕೇ?

ನೇರ ಮಾತು:
ಗೊಂಬೆಯಾಗಬೇಕೆಂದು ನಾನು ಹೇಳಲಿಲ್ಲ. ಆಕೆಯ ದೋಷ ಆತನ ದೋಷಕ್ಕೆ ಕಾರಣವಾಗಬಾರದು ಎಂದಷ್ಟೇ ಹೇಳಿದೆ.

ಅರ್ಧವಿರಾಮ:
ನೀವಿಬ್ಬರೂ ಹೇಳುವುದು ಒಟ್ಟಿಗೇ ಸಾಧ್ಯವಿದೆ. ಆಕೆಯ ತಪ್ಪು ಆರನೆಯ ಅಧ್ಯಾಯಕ್ಕಿಂತ ಮೊದಲು ಬಂದರೆ ಅದು ಕಾರಣವಾಗಿ ಓದಿಸಿಕೊಳ್ಳುತ್ತದೆ, ಆಮೇಲೆ ಬಂದರೆ ಅದು ಆಕೆಯದೇ ಆಗಿ ಉಳಿಯುತ್ತದೆ. ವಿಷಯ ತಿಳಿದ ಮೇಲೆ ಆಕೆಯ ಕೈಗೆ ಒಂದು ಅಧಿಕಾರ ಬಂದಿದೆ: ಮನೆ ನಡೆಯುತ್ತಿರುವುದು ಆಕೆಯ ಸಂಬಳದಲ್ಲಿ, ಸರಿಯಾದ ಪಕ್ಷದಲ್ಲಿರುವವಳೂ ಆಕೆಯೇ. ಆ ಅಧಿಕಾರವನ್ನು ಆಕೆ ಒಮ್ಮೆ ಕೆಟ್ಟದಾಗಿ ಬಳಸಲಿ. ನಾಲ್ಕು ಜನರ ಮುಂದೆ ಆತನಿಗೆ ಕೆಲಸವಿಲ್ಲ ಎಂಬುದನ್ನು ಹಗುರವಾಗಿ ಆಡಿಬಿಡಲಿ. ಸಮಾಲೋಚಕಿಯವರು ಹೇಳಿದ ತಿರಸ್ಕಾರ ಅಲ್ಲಿ ಆಕೆಯ ಬಾಯಿಂದ ಬರುತ್ತದೆ, ಆಡಿದ ಕ್ಷಣದಲ್ಲೇ ಅದು ತನಗೆ ಸುಖ ಕೊಟ್ಟಿತೆಂದು ಆಕೆಗೆ ತಿಳಿಯುತ್ತದೆ.

ನೇರ ಮಾತು:
ಇದನ್ನು ಒಪ್ಪುತ್ತೇನೆ. ಆ ದೃಶ್ಯ ಓದಬೇಕೆನಿಸುತ್ತದೆ.

ಮಧ್ಯರಾತ್ರಿಯ ಓದು:
ನಗರದ ಬಗ್ಗೆ ಯಾರೂ ಮಾತನಾಡಿಲ್ಲ. ನಗರ ಜೀವನದ ಕಾದಂಬರಿ ಎನಿಸಿಕೊಳ್ಳುವ ಎಷ್ಟೋ ಕೃತಿಗಳಲ್ಲಿ ನಗರ ಬರೀ ಪರದೆಯಂತೆ ಹಿಂದೆ ತೂಗುತ್ತಿರುತ್ತದೆ: ಎತ್ತರದ ಕಟ್ಟಡ, ಮಳೆಯಲ್ಲಿ ಮಿನುಗುವ ದೀಪ, ಮುಗಿಯಿತು. ನಿಮ್ಮ ಕಥೆಯಲ್ಲಿ ಬಾಡಿಗೆ ಕರಾರು ಇಬ್ಬರನ್ನೂ ಒಂದೇ ಸೂರಿನಡಿ ಕಟ್ಟಿಹಾಕಿದೆ, ಅದು ನನಗೆ ಬಹಳ ಹಿಡಿಸಿತು. ಆ ದಾರಿಯಲ್ಲೇ ಇನ್ನೂ ಮುಂದೆ ಹೋಗಿ. ಗೋಡೆ ತೆಳುವಾದ್ದರಿಂದ ಜಗಳವನ್ನೂ ಪಿಸುಮಾತಿನಲ್ಲಿ ಆಡಬೇಕು. ನೆರೆಯವರು ಲಿಫ್ಟಿಗೆ ಹತ್ತಿದರೆ ಅರ್ಧಕ್ಕೆ ನಿಲ್ಲಿಸಿ ಮುಗುಳ್ನಗಬೇಕು. ಒಂದೇ ಸ್ನಾನದ ಕೋಣೆಗೆ ಇಬ್ಬರೂ ಮಾತಿಲ್ಲದೆ ಸರದಿ ಗೊತ್ತುಮಾಡಿಕೊಂಡಿರಬೇಕು. ಕೋಪವಿದ್ದರೂ ಇನ್ನೊಬ್ಬರ ಟವೆಲ್ ಒದ್ದೆಯಾಗದಂತೆ ಸರಿಸಿಡುವ ಅಭ್ಯಾಸವನ್ನು ಕೈಗಳು ಮರೆತಿರುವುದಿಲ್ಲ. ಪ್ರೀತಿ ಉಳಿದಿದೆ ಎಂಬುದನ್ನು ಸಂಭಾಷಣೆಗಿಂತ ಇಂಥದ್ದರಲ್ಲಿ ಹೇಳುವುದು ಸುಲಭ.

ಓದುಗ 27:
ಹೆಸರಿನ ಬಗ್ಗೆಯೂ ಯಾರಾದರೂ ಹೇಳಿ. "ಬಾಡಿಗೆ ಕರಾರು" ಎಂಬುದೇ ಒಳ್ಳೆಯ ಹೆಸರಾಗುವುದಿಲ್ಲವೇ?

ಮೂರನೆಯ ಕರಡು:
ಎಲ್ಲರಿಗೂ ಕೃತಜ್ಞತೆಗಳು. ಹೆಸರನ್ನು ಆಮೇಲೆ ನೋಡೋಣ. ಆತ ತಪ್ಪೊಪ್ಪಿಕೊಳ್ಳುವ ಭಾಗದ ಕೆಲವು ಸಾಲುಗಳನ್ನು ಇಲ್ಲಿ ಹಾಕುತ್ತಿದ್ದೇನೆ, ಏಕೆಂದರೆ ಅದರಲ್ಲಿ ಏನೋ ಸರಿಯಿಲ್ಲ ಎಂದು ಬರೆದ ದಿನದಿಂದ ಅನ್ನಿಸುತ್ತಿದೆ.

"ನಿನಗೆ ಹೇಳ್ಬೇಕು ಅಂತ ದಿನಾ ಅನ್ಕೊಳ್ತಿದ್ದೆ. ಹೇಳೋಕಾಗಲಿಲ್ಲ. ನಿನಗೆ ನೋವಾಗತ್ತೆ ಅಂತ ಅನ್ನಿಸ್ತು. ದಿನ ಕಳೀತಾ ಹೋಯ್ತು, ಸಾಲ ಆಗೋಯ್ತು. ನನ್ನಿಂದ ತಪ್ಪಾಯ್ತು."

ಕ್ರಿಯಾಪದ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈ ಸಾಲುಗಳನ್ನು ಕಂಡ ಮೇಲೆ ಸುಮ್ಮನಿರಲಾಗಲಿಲ್ಲ. ನಾನು ಕನ್ನಡ ವ್ಯಾಕರಣ ಪಾಠ ಮಾಡುವವನು.

ನಿಮ್ಮ ನಾಯಕನ ವಾಕ್ಯಗಳಲ್ಲಿ ಕರ್ತೃವನ್ನು ಹುಡುಕಿ ನೋಡಿ. "ಹೇಳೋಕಾಗಲಿಲ್ಲ", "ಅನ್ನಿಸ್ತು", "ದಿನ ಕಳೀತಾ ಹೋಯ್ತು", "ಸಾಲ ಆಗೋಯ್ತು", "ತಪ್ಪಾಯ್ತು". ಮೊದಲ ವಾಕ್ಯದಲ್ಲಿ ಮಾತ್ರ ಆತ ಕರ್ತೃ, ಅಲ್ಲೂ ಆತ ಮಾಡಿದ್ದು ಅಂದುಕೊಂಡದ್ದಷ್ಟೇ. ಉಳಿದದ್ದೆಲ್ಲ ತನ್ನಷ್ಟಕ್ಕೆ ಆಗಿಹೋದಂತಿದೆ. ದಿನ ಕಳೆಯಿತು, ಸಾಲ ಆಯಿತು, ತಪ್ಪಾಯಿತು, ಆತ ಯಾವುದನ್ನೂ ಮಾಡಲಿಲ್ಲ. ನಮ್ಮ ಭಾಷೆ ಈ ಸೌಲಭ್ಯವನ್ನು ಧಾರಾಳವಾಗಿ ಕೊಡುತ್ತದೆ. "ನಾನು ಲೋಟ ಒಡೆದೆ" ಎನ್ನುವ ಬದಲು "ನನ್ನ ಕೈಲಿ ಲೋಟ ಒಡೆಯಿತು" ಎನ್ನಬಹುದು. "ನಾನು ತಪ್ಪು ಮಾಡಿದೆ" ಎನ್ನುವ ಬದಲು "ತಪ್ಪಾಯಿತು" ಎಂದು ತಲೆ ತಗ್ಗಿಸಬಹುದು. ದಿನಬಳಕೆಯಲ್ಲಿ ಇದು ವಿನಯ. ಆದರೆ ನಾಲ್ಕು ತಿಂಗಳ ಸುಳ್ಳಿನ ಮುಂದೆ ಅದು ವಿನಯವಾಗಿ ಉಳಿಯುವುದಿಲ್ಲ, ಅಡಗುವ ಜಾಗವಾಗುತ್ತದೆ. "ಹೇಳೋಕಾಗಲಿಲ್ಲ" ಎಂದರೆ ಯಾವುದೋ ತಡೆಯಿತು ಎಂದರ್ಥ. "ಹೇಳಲಿಲ್ಲ" ಎಂದರೆ ತಡೆದವನು ನಾನೇ ಎಂದರ್ಥ.

ನಿಮಗೆ ಸರಿಯಿಲ್ಲ ಎನ್ನಿಸಿದ್ದು ಇದೇ ಇರಬೇಕು. ಈ ಸಾಲುಗಳನ್ನು ಅಳಿಸಬೇಡಿ, ಏಳನೆಯ ಅಧ್ಯಾಯದಲ್ಲಿ ಹಾಗೆಯೇ ಇಡಿ. ಆಗ ಆತ ಹೀಗೆಯೇ ಮಾತನಾಡುತ್ತಾನೆ, ಅದು ಆಕೆಗೆ ಸಾಕಾಗುವುದಿಲ್ಲ, ಯಾಕೆ ಸಾಕಾಗುತ್ತಿಲ್ಲ ಎಂಬುದು ಆಕೆಗೂ ಗೊತ್ತಾಗುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ಆತ ಅದೇ ಮಾತುಗಳನ್ನು ಕರ್ತೃವಿನ ಸಮೇತ ಆಡಲಿ.

ಓದುಗ 27:
ತುಂಬ ಸೂಕ್ಷ್ಮವಾಯಿತು. ಕಥೆ ಓದುವ ಭರದಲ್ಲಿ ಇರುವವರು ಕ್ರಿಯಾಪದದ ರೂಪವನ್ನು ಗಮನಿಸುತ್ತಾರೆಯೇ?

ಕ್ರಿಯಾಪದ:
ವ್ಯಾಕರಣವಾಗಿ ಯಾರೂ ಗಮನಿಸಬೇಕಿಲ್ಲ. ಮೊದಲ ಬಾರಿ ಓದಿದಾಗ ನಿಮಗೆ ಆತನ ಮೇಲೆ ಸಣ್ಣ ಅಸಮಾಧಾನ ಉಳಿದಿತ್ತೇ ಇಲ್ಲವೇ ಎಂಬುದನ್ನಷ್ಟೇ ನೆನಪಿಸಿಕೊಳ್ಳಿ.

ಓದುಗ 27:
ಉಳಿದಿತ್ತು.

ಸಮಾಲೋಚಕಿ:
ನನ್ನ ಕೋಣೆಯಲ್ಲಿ ಕುಳಿತವರ ಮಾತಿನಲ್ಲೂ ಇದನ್ನು ಕೇಳಿದ್ದೇನೆ, ಇಷ್ಟು ಸ್ಪಷ್ಟವಾಗಿ ಗುರುತಿಸಿರಲಿಲ್ಲ. ಸರ್ವನಾಮವನ್ನೂ ಸೇರಿಸಿಕೊಳ್ಳಿ. ಏಕವಚನದಲ್ಲಿ ಮಾತನಾಡುವ ಜೋಡಿಗಳಲ್ಲಿ ಕೆಲವರು ಸಂಬಂಧ ಹಳಸಿದಾಗ "ನೀವು" ಎನ್ನಲು ಶುರುಮಾಡುತ್ತಾರೆ. ಬೈಗುಳಕ್ಕಿಂತ ಆ ಬಹುವಚನ ಹೆಚ್ಚು ಚುಚ್ಚುತ್ತದೆ.

ಇಬ್ಬನಿ:
ಬಹುವಚನದ ಮೌನ! ಹನ್ನೆರಡು ಅಧ್ಯಾಯಗಳಲ್ಲಿ ಆಕೆ "ನೀವು" ಎಂದೇ ಮಾತನಾಡಿ, ಕೊನೆಗೆ ಬಾಯಿತಪ್ಪಿ "ನೀನು" ಎಂದುಬಿಟ್ಟರೆ ಅದಕ್ಕಿಂತ ದೊಡ್ಡ ಪುನರ್ಮಿಲನ ಬೇಡ.

ಅರ್ಧವಿರಾಮ:
ಬಾಯಿತಪ್ಪಿ ಬೇಡ. ಆಕೆಗೆ ತಿಳಿದೇ ಅನ್ನಲಿ. ಕ್ಷಮಿಸುವುದು ಆಕೆಯ ನಿರ್ಧಾರವಾಗಬೇಕು, ಅಪಘಾತವಾಗಬಾರದು. ಕ್ರಿಯಾಪದ ಅವರು ಆತನಿಗೆ ಹೇಳಿದ ನಿಯಮ ಆಕೆಗೂ ಅನ್ವಯಿಸುತ್ತದೆ.

ಕಿಟಕಿ ಪಕ್ಕ:
ಮೂರನೆಯ ಕರಡು ಅವರೇ, ಎರಡು ಬಾರಿ ಕೇಳುವ ವಿಷಯವನ್ನು ನೀವು ಬಳಸಿಕೊಂಡರೆ ನನ್ನ ಅಭ್ಯಂತರವಿಲ್ಲ. ಆಕೆಯನ್ನೂ ಕೇಳಿದೆ. "ಬರೀಲಿ, ಆದ್ರೆ ನಾನು ಒಂದು ವರ್ಷ ಕೇಳ್ತಿದ್ದೆ ಅಂತ ಕಡಿಮೆ ಮಾಡಿ ಹೇಳಿದೀಯ, ಒಂದೂವರೆ ವರ್ಷ" ಎಂದಳು. ಆ ದಿನ ಸುಮ್ಮನಾದದ್ದನ್ನು ನಾನು ಗಮನಿಸಿದ್ದೆನೆಂದೂ ಈಗ ಹೇಳಿದಂತಾಯಿತು. ಅಲ್ಲ, ಹೇಳಿದೆ.

ಮೂರನೆಯ ಕರಡು:
ಮೂರು ದಿನ ಕುಳಿತು ಬರೆದೆ. ಎರಡನೆಯ ಅಧ್ಯಾಯದಲ್ಲಿ ಈಗ ಆತ ಗ್ರಂಥಾಲಯದಲ್ಲಿ ಕುಳಿತಿದ್ದಾನೆ, ಹನ್ನೊಂದನೆಯದರಲ್ಲಿ ಆಕೆ ಸ್ನೇಹಿತರ ಮುಂದೆ ಆಡಬಾರದ ಮಾತನ್ನು ಆಡುತ್ತಾಳೆ. ತಪ್ಪೊಪ್ಪಿಗೆಯ ಹಳೆಯ ಸಾಲುಗಳು ಏಳನೆಯದರಲ್ಲಿ ಹಾಗೆಯೇ ಇವೆ. ಕೊನೆಯ ಅಧ್ಯಾಯದಿಂದ ಒಂದು ತುಣುಕು:

ಪೆಟ್ಟಿಗೆಗಳಿಗೆ ಅಂಟುಪಟ್ಟಿ ಹಚ್ಚುವುದನ್ನು ನಿಲ್ಲಿಸಿ ಆತ ನೆಲದ ಮೇಲೆಯೇ ಕುಳಿತ.
"ನಾನು ಹೇಳಲಿಲ್ಲ," ಎಂದ. "ಹೇಳ್ಬಹುದಿತ್ತು. ದಿನಾ ಬೆಳಿಗ್ಗೆ ಹೇಳ್ಬಹುದಿತ್ತು. ನಾನು ಹೇಳಲಿಲ್ಲ. ಸಾಲ ನಾನು ಮಾಡಿದೆ."
ಆಕೆ ಬಹಳ ಹೊತ್ತು ಏನನ್ನೂ ಹೇಳಲಿಲ್ಲ. ಆಮೇಲೆ ಅಂಟುಪಟ್ಟಿಯ ಸುರುಳಿಯನ್ನು ಆತನ ಕೈಯಿಂದ ತೆಗೆದುಕೊಂಡಳು.
"ನೀನು ಆ ಕಡೆ ಹಿಡ್ಕೋ," ಎಂದಳು.

ಪೆಟ್ಟಿಗೆಗಳು ಒಂದು ಮನೆಗೆ ಹೋಗುತ್ತವೆಯೋ ಎರಡು ಮನೆಗೋ ಎಂಬುದು ಮುಂದಿನ ಪುಟದಲ್ಲಿ ತಿಳಿಯುತ್ತದೆ. ಅದನ್ನು ಇನ್ನೂ ಬರೆದಿಲ್ಲ.

ಮಧ್ಯರಾತ್ರಿಯ ಓದು:
ಒಂದು ಮನೆಗೆ, ದಯವಿಟ್ಟು.

ನೇರ ಮಾತು:
ಎರಡು ಮನೆಗೆ ಎಂಬುದೇ ಇವತ್ತಿಗೂ ನನ್ನ ಅಭಿಪ್ರಾಯ. ಆದರೆ ಆತನ "ನಾನು ಹೇಳಲಿಲ್ಲ" ಎಂಬುದನ್ನು ಎರಡನೆಯ ಬಾರಿ ಓದುವಾಗ ಆಕೆ ಉಳಿದರೂ ನನಗೆ ಸಿಟ್ಟು ಬರುವುದಿಲ್ಲ ಎನ್ನಿಸಿತು. ಬರೆದ ಮೇಲೆ ಆ ಪುಟವನ್ನೂ ಇಲ್ಲಿ ಹಾಕಿ.